ತೊಟ್ಟಿಲಿಗೆ ಹಾಕದ ಕೂಸುಗಳ ಲೆಕ್ಕ

ನಾನು ಹಾಲೆಂಡಿಗೆ ಹೋಗಿ ಓದಿ ಬರುವುದು ಆಗದ ಮಾತು ಎಂದವರು ನಮ್ಮ ಕಚೇರಿಯ ಜಂಟಿ ನಿರ್ದೇಶಕ ಗುರುಸಿದ್ಧಯ್ಯನವರು. ಅದಕ್ಕೂ ಹದಿನೈದು-ಹದಿನಾರು ವರ್ಷ ಮೊದಲು, ನಾನು ಬಿ.ಎಸ್ಸಿ. ಮುಗಿಸುವುದೇ ಆಗದ ಮಾತು ಎಂದವನು ನನ್ನ ಸೋದರಮಾವ ಈರಪ್ಪ. ಮಾವ ಗುಳೇದಗುಡ್ಡದ ನಮ್ಮ ಮನೆಯ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು, ಲಾಳಿ ಎಸೆಯುತ್ತಲೇ ಹೇಳಿದ್ದ: "ಕಂಡಿಕಿಗೆ ನೂಲು ಸುತ್ತೂ ಹುಡುಗಿಗೆ ಕಾಲೇಜಂತ! ಆಗ್ಲಿ, ಆಗ್ಲಿ, ನೋಡೂಣಂತ." ಸಾಹೇಬರು ಹೇಳಿದ್ದು ತಿರುಗುವ ಕುರ್ಚಿಯಲ್ಲಿ ಕುಳಿತು, ನನ್ನ ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು: "ನೀಲಮ್ಮ, ಅಲ್ಲಿಗೆ ಹೋಗೋರು ಕಾನ್ವೆಂಟಿನಾಗ ಓದಿದವರು. ನಿಮ್ಮ ಇಂಗ್ಲಿಷಿಗೆ ವಿಮಾನದಾಗ ಚಹಾನೂ ಸಿಗೂದಿಲ್ಲ."

ಚಹಾ ಸಿಕ್ಕಿತು. ಹಾಲು ಸಾಲದೆ ಎರಡನೆಯ ಸಲ ಕೇಳಿದೆ, ಅದೂ ಸಿಕ್ಕಿತು.

ನಾನು ಅಂಕಿಸಂಖ್ಯೆಯ ಇಲಾಖೆಯಲ್ಲಿ ಮೂವತ್ತೇಳು ವರ್ಷ ಕೆಲಸ ಮಾಡಿದವಳು. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬರೆಯುವುದಿಲ್ಲ, ಅದು ನನ್ನ ಸೇವಾ ಪುಸ್ತಕದಲ್ಲಿದೆ. ಈಗ ಟ್ಯಾಬ್ ಹಿಡಿದು ಮನೆಮನೆಗೆ ಹೋಗುವ ಹುಡುಗ-ಹುಡುಗಿಯರಿಗೆ ಹೇಳಬೇಕಾದದ್ದು ಬೇರೆ ಇದೆ. ಒಂದು ಜಿಲ್ಲೆ ಎಷ್ಟು 'ಅಭಿವೃದ್ಧಿ'ಯಾಗಿದೆ ಎಂದು ಪತ್ರಿಕೆಯಲ್ಲಿ ಅಂಕಿ ಬರುತ್ತದಲ್ಲ, ಆ ಅಂಕಿಯ ಬೇರು ಯಾವುದೋ ಮನೆಯ ಹೊಸ್ತಿಲಲ್ಲಿ ನೀವು ಕೇಳಿದ ಒಂದು ಪ್ರಶ್ನೆಯಲ್ಲಿರುತ್ತದೆ. ಆ ಪ್ರಶ್ನೆಯನ್ನು ನಾನು ತಪ್ಪಾಗಿ ಕೇಳಿದ್ದೆ. ನೂರಾರು ಮನೆಗಳಲ್ಲಿ.

ಮೊದಲ ತಪ್ಪು ನಮ್ಮ ಮನೆಯಲ್ಲೇ ಆಯಿತು. ತರಬೇತಿಯಲ್ಲಿ ಒಂದು ನಮೂನೆ ಕೊಟ್ಟು, ಅಭ್ಯಾಸಕ್ಕೆ ಮನೆಯವರದ್ದೇ ತುಂಬಿಸಿ ತನ್ನಿ ಅಂದಿದ್ದರು. ಅದರಲ್ಲೊಂದು ಸಾಲು: 'ಇದುವರೆಗೆ ಜೀವಂತವಾಗಿ ಜನಿಸಿದ ಒಟ್ಟು ಮಕ್ಕಳ ಸಂಖ್ಯೆ'. ಈ ಭಾಷೆಯಲ್ಲಿ ಯಾರಾದರೂ ಅವ್ವನನ್ನು ಮಾತಾಡಿಸುತ್ತಾರೆಯೇ? ಅಡುಗೆಮನೆಗೆ ಹೋಗಿ, "ಅವ್ವಾ, ನಿನಗ ಮಕ್ಕಳೆಷ್ಟು?" ಅಂದೆ.

"ತೆಲಿ ಕೆಟ್ಟೈತೇನ ನಿನಗ? ನಾಕು. ನೀ ಹಿರ್ಯಾಕಿ. ಗೊತ್ತಿಲ್ಲೇನ?"

ಹುಟ್ಟಿದ್ದು ನಾಲ್ಕು, ಬದುಕಿದ್ದು ನಾಲ್ಕು, ಸತ್ತದ್ದು ಸೊನ್ನೆ. ದುಂಡಗೆ ಬರೆದೆ. ಸಾಹೇಬರಿಗೆ ಅದು ಎಷ್ಟು ಮೆಚ್ಚಿಕೆಯಾಯಿತೆಂದರೆ, 'ನಮೂನೆ ತುಂಬಿಸಿದರೆ ಹೀಗಿರಬೇಕು, ಒಂದು ಕಾಟು ಇಲ್ಲ, ಒಂದು ತಿದ್ದುಪಡಿ ಇಲ್ಲ' ಎಂದು ಅದರ ಪ್ರತಿ ತೆಗೆಸಿ, ಮುಂದೆ ಪ್ರತಿ ವರ್ಷ ಹೊಸಬರ ತರಬೇತಿಗೆ ಮಾದರಿಯಾಗಿ ಹಂಚಿದರು. ನಮ್ಮವ್ವ ಜಿಲ್ಲೆಗೆಲ್ಲ ಮಾದರಿಯಾದಳು ಎಂದು ನಾನು ಬೀಗಿದ್ದೇ ಬೀಗಿದ್ದು.

ಆಮೇಲೆ ಜನನ-ಮರಣದ ಸಮೀಕ್ಷೆ ಬಂತು. ದಿನಕ್ಕೆ ಇಷ್ಟು ಮನೆ ಮುಗಿಯಬೇಕೆಂದು ಗುರಿ. ಕಟ್ಟೆಯ ಮೇಲೆ ಮಾವ ಕುಳಿತಿರುತ್ತಾನೆ, ಬಾಗಿಲಲ್ಲಿ ಅತ್ತೆ ನಿಂತಿರುತ್ತಾಳೆ, ಸೊಸೆ ಒಳಗಿನಿಂದ ಬಗ್ಗಿ ನೋಡುತ್ತಾಳೆ. "ಮಕ್ಕಳೆಷ್ಟು?" ಅಂದರೆ ಅತ್ತೆಯೇ "ಎರಡ" ಅನ್ನುತ್ತಾಳೆ. "ಸತ್ತವು?" ಅಂದರೆ "ಬಿಡ್ತು ಅನ್ನು!" ಎಂದು ಬೈಯುತ್ತಾಳೆ. ಸೊನ್ನೆ ಬರೆದು ಮುಂದಿನ ಮನೆಗೆ. ನಾನೂ ಹಾಗೇ ಮಾಡಿದೆ, ನನ್ನ ಜೊತೆಯ ಶಾಂತಾಳೂ ಹಾಗೇ ಮಾಡಿದಳು. ಗುರಿ ಮುಟ್ಟಿದೆವು. ಸಾಹೇಬರು ಪೇಢೆ ಹಂಚಿದರು.

ಸಾಹೇಬರ ಮಾತು ಮೀರಿ ನನ್ನ ಅರ್ಜಿ ಮಂಜೂರಾಯಿತು: ಹಾಲೆಂಡಿನ ಹೇಗ್ ನಗರದ ಒಂದು ಸಂಸ್ಥೆಯಲ್ಲಿ ಒಂದು ವರ್ಷದ ಡಿಪ್ಲೊಮಾ. ವಾಸ ಪಕ್ಕದ ರೈಸ್‌ವೈಕ್‌ನ ಹಾಸ್ಟೆಲಿನಲ್ಲಿ. ನನಗಿಂತ ಮೊದಲು ಪದವಿ ಪಡೆದವರೇ ಇಲ್ಲದ ಮನೆಯಿಂದ ಬಂದ ನಾನು, ಕೀನ್ಯಾದವರು, ಪೆರುವಿನವರು, ಬಾಂಗ್ಲಾದವರ ಜೊತೆ ಕುಳಿತು ಮಾನವ ಅಭಿವೃದ್ಧಿ ಸೂಚ್ಯಂಕ ಕಲಿತೆ. ಜನ ಎಷ್ಟು ವರ್ಷ ಬದುಕುತ್ತಾರೆ, ಎಷ್ಟು ಓದಿದ್ದಾರೆ, ಆದಾಯ ಎಷ್ಟು, ಈ ಮೂರನ್ನು ಕೂಡಿಸಿ, ಅಳೆದು, ಸೊನ್ನೆಯಿಂದ ಒಂದರೊಳಗೆ ಒಂದು ಅಂಕಿ ತೆಗೆಯುವುದು. ನಮ್ಮ ಮಾರ್ಗದರ್ಶಕರು ಯಾನ್ ಎಂಬ ಹಿರಿಯರು. ಎಷ್ಟು ಮಳೆ ಬಂದರೂ ಸೈಕಲ್ ಮೇಲೇ ಬರುತ್ತಿದ್ದರು, ತೊಟ್ಟಿಕ್ಕುವ ಕೋಟನ್ನು ರೇಡಿಯೇಟರ್ ಮೇಲೆ ಹಾಕಿ ಪಾಠ ಶುರು ಮಾಡುತ್ತಿದ್ದರು. ಒಂದು ದಿನ ನಮ್ಮ ಭಾಗದ ಜಿಲ್ಲೆಗಳ ಪಟ್ಟಿಯನ್ನು ಪರದೆಯ ಮೇಲೆ ಹಾಕಿ, "ಓದು ಕಡಿಮೆ, ಆದಾಯ ಕಡಿಮೆ. ಆದರೂ ಶಿಶುಮರಣ ಇಷ್ಟು ಕಡಿಮೆ, ಆಯಸ್ಸು ಇಷ್ಟು ಚೆನ್ನಾಗಿದೆ. ನೀಲಾ, ಇದರ ಗುಟ್ಟೇನು?" ಎಂದು ಕೇಳಿದರು.

ನಾನು ಎದ್ದು ನಿಂತು, ನಮ್ಮ ಹೆಂಗಸರು ಬಾಣಂತನವನ್ನು ಬಹಳ ಶ್ರದ್ಧೆಯಿಂದ ಮಾಡುತ್ತಾರೆ ಎಂದು ಉತ್ತರ ಕೊಟ್ಟೆ. ಎಲ್ಲರೂ ಬರೆದುಕೊಂಡರು. ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಹಾಸ್ಟೆಲಿನಿಂದ ಎರಡು ಬೀದಿಯಾಚೆ ಮೈಸೂರಿನ ರಘು ಮತ್ತು ಸುಮತಿ ಇದ್ದರು. ರಘು ಕಂಪ್ಯೂಟರ್ ಕೆಲಸದವನು. ಅಂಗಡಿಯಲ್ಲಿ ನಾನು ಕೊತ್ತಂಬರಿ ಹುಡುಕುವಾಗ ಪರಿಚಯವಾಗಿ, ಭಾನುವಾರ ಊಟಕ್ಕೆ ಕರೆಯತೊಡಗಿದ್ದರು. ಸುಮತಿಗೆ ದಿನ ತುಂಬಿತ್ತು. ಬಾಣಂತನಕ್ಕೆಂದು ರಘುವಿನ ತಾಯಿ ವಿಶಾಲಮ್ಮ ಬಂದಿದ್ದರು, ನಿವೃತ್ತ ಶಾಲಾ ಶಿಕ್ಷಕಿ. ಹೆರಿಗೆಯಾಯಿತು. ಹೆಣ್ಣು ಕೂಸು. ಹೃದಯದಲ್ಲಿ ಏನೋ ತೊಂದರೆ, ಎರಡು ದಿನ ಇದ್ದು ಹೋಯಿತು.

ಮರುದಿನ ಬೆಳಿಗ್ಗೆ ರಘು ಫೋನ್ ಮಾಡಿದ. "ಆಂಟಿ, ಗೆಮೀಂಟೆಗೆ ಹೋಗಿ ರಿಜಿಸ್ಟರ್ ಮಾಡ್ಸಬೇಕಂತೆ. ನಂಗೊಬ್ಬನಿಗೇ ಆಗಲ್ಲ. ನೀವು ಬನ್ನಿ, ಪ್ಲೀಸ್."

ಗೆಮೀಂಟೆ ಅಂದರೆ ಅಲ್ಲಿಯ ಪುರಸಭೆ. ಚೀಟಿ ಹರಿದುಕೊಂಡು, ನಮ್ಮ ಸಂಖ್ಯೆ ಬರುವವರೆಗೆ ಕಾದೆವು. ವಿಶಾಲಮ್ಮನೂ ಬಂದಿದ್ದರು. ಕೌಂಟರಿನ ಹೆಂಗಸು ಆಸ್ಪತ್ರೆಯ ಕಾಗದ ನೋಡಿ, "ನಿಮ್ಮ ದುಃಖಕ್ಕೆ ನನ್ನ ಸಂತಾಪ" ಎಂದಳು. ಆಮೇಲೆ ಎರಡು ಕಾಗದ ತೆಗೆದಳು.

"ಎರಡು ಯಾಕೆ? ಡೆತ್ ಒಂದೇ ಅಲ್ವಾ?" ಎಂದ ರಘು.

"ಮೊದಲು ಹುಟ್ಟಿದ್ದನ್ನು ಬರೆಯಬೇಕು," ಎಂದಳು ಆಕೆ. "ಹುಟ್ಟಿದ್ದನ್ನು ಬರೆಯದೆ ಸತ್ತದ್ದನ್ನು ಬರೆಯಲು ನನಗೆ ಅಧಿಕಾರವಿಲ್ಲ. ಮಗುವಿನ ಹೆಸರು?"

ರಘು ತಾಯಿಯ ಮುಖ ನೋಡಿದ. ವಿಶಾಲಮ್ಮ ಸೆರಗು ಬಿಗಿದುಕೊಂಡರು. "ನಾಮಕರಣ ಆಗದೇ ಇರೋ ಮಗೂಗೆ ಎಂಥಾ ಹೆಸರೋ? ತೊಟ್ಟಿಲಿಗೇ ಹಾಕಿಲ್ಲ. ಹೆಸರಿಟ್ಟರೆ ಅದಕ್ಕೆ ಋಣ ಬೆಳೆಯತ್ತೆ. ಇಲ್ಲ ಅಂತ ಹೇಳು ಅವಳಿಗೆ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಕೌಂಟರಿನಾಕೆ ಕೋಪಿಸಿಕೊಳ್ಳಲಿಲ್ಲ, ಅವಸರ ಮಾಡಲಿಲ್ಲ. ನಮ್ಮ ಹಿಂದೆ ಸಾಲು ಬೆಳೆಯುತ್ತಿದ್ದರೂ ಪೆನ್ನು ಹಿಡಿದು ಕಾದಳು. ಕೊನೆಗೆ ರಘು, ಮೇಜನ್ನೇ ನೋಡುತ್ತ, "ಇಂಚರಾ. ಸುಮತಿ ಆಸ್ಪತ್ರೇಲಿ ಹಾಗೆ ಕರೀತಿದ್ಲು" ಅಂದ. ಆಕೆ ಒಂದೊಂದೇ ಅಕ್ಷರ ಕೇಳಿ ಬರೆದಳು. ವಿಶಾಲಮ್ಮ ಮುಖ ತಿರುಗಿಸಿದರು.

ಮನೆಗೆ ಬಂದರೆ ಇನ್ನೊಬ್ಬ ಹೆಂಗಸು. ಅಲ್ಲಿ ಬಾಣಂತಿಯ ಆರೈಕೆಗೆಂದೇ ದಾದಿಯೊಬ್ಬಳು ಮನೆಗೆ ಬರುತ್ತಾಳೆ. ಕೂಸು ಇಲ್ಲದಿದ್ದರೂ ಬಂದಿದ್ದಳು. ಸುಮತಿಯ ಪಕ್ಕ ಕುಳಿತು ಜ್ವರ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದಳು. ನಾನು ಅಡುಗೆಮನೆಯಲ್ಲಿ ವಿಶಾಲಮ್ಮನವರಿಗೆ ಕಾಫಿ ಮಾಡಿಕೊಟ್ಟೆ. ಏನೋ ಮಾತಾಡಬೇಕಲ್ಲ ಎಂದು, "ನಿಮಗೆ ಎಷ್ಟು ಮಕ್ಕಳಮ್ಮ?" ಅಂದೆ.

"ಮೂರು. ರಘೂನೇ ಕೊನೆಯವನು." ಲೋಟ ಕೆಳಗಿಟ್ಟರು. "ಅವನಿಗೆ ಮುಂಚೆ ಒಂದು ಹೋಯ್ತು. ಐದು ದಿನ ಇತ್ತು."

"ಹಾಗಾದರೆ ನಾಲ್ಕಲ್ಲವೇ?"

"ಅದೆಂಗ್ರೀ ನಾಲ್ಕು? ಅದನ್ನ ಯಾರಾದ್ರೂ ಲೆಕ್ಕಕ್ಕೆ ತಗೋತಾರಾ?"

"ಅಮ್ಮಾ, ನೀವು ಟೀಚರ್. ಜನಗಣತಿ ಡ್ಯೂಟಿ ಮಾಡಿರಬೇಕಲ್ಲ?"

"ಮೂರು ಸಲ ಮಾಡಿದೀನಿ. ಮೆಚ್ಚುಗೆ ಪತ್ರಾನೂ ಇದೆ."

"ನಿಮ್ಮ ಮನೆಯದನ್ನೂ ನೀವೇ ಬರೆದಿರಾ?"

"ಹ್ಞೂಂ."

"ಏನು ಬರೆದಿರಿ?"

ವಿಶಾಲಮ್ಮ "ಮೂರು" ಅಂದರು. ಆಮೇಲೆ ಅಳತೊಡಗಿದರು. ಮೊಮ್ಮಗಳಿಗೋ ಆ ಐದು ದಿನದ ಕೂಸಿಗೋ, ನಾನು ಕೇಳಲಿಲ್ಲ.

ಹಾಸ್ಟೆಲಿಗೆ ನಡೆದು ಬರುವಾಗ ನಾನು ಬರೆದ ಸೊನ್ನೆಗಳೆಲ್ಲ ನೆನಪಾದವು. ಹಳ್ಳಿಯವರು ಅಜ್ಞಾನಿಗಳು, ಅವರಿಗೆ ಲೆಕ್ಕ ಗೊತ್ತಿಲ್ಲ ಎಂದು ನಮ್ಮ ಕಚೇರಿಯಲ್ಲಿ ನಗುತ್ತಿದ್ದರು. ಇಲ್ಲಿ ನೋಡಿದರೆ ಮೈಸೂರಿನ ಟೀಚರೇ, ಗಣತಿ ಮಾಡುವವರೇ, ತಮ್ಮ ಹೊಟ್ಟೆಯ ಕೂಸನ್ನು ಬಿಟ್ಟಿದ್ದಾರೆ. ತೊಟ್ಟಿಲಿಗೆ ಹಾಕಿ ಹೆಸರಿಡುವವರೆಗೆ ಕೂಸು ಮನೆಯ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೂ ಮೊದಲು ಹೋದರೆ ಹಿತ್ತಲಲ್ಲಿ ಗುಂಡಿ ತೋಡಿ ಇಟ್ಟು ಬಂದು ಕೈ ತೊಳೆಯುತ್ತಾರೆ, ಮತ್ತೆ ಬಾಯಿ ಬಿಡುವುದಿಲ್ಲ. ಹೆತ್ತವಳೂ ಬಾಯಿ ಬಿಡುವಂತಿಲ್ಲ. ಹುಟ್ಟಿದ್ದೂ ಬರೆಯಲಿಲ್ಲ, ಸತ್ತದ್ದೂ ಬರೆಯಲಿಲ್ಲ, ಆದ್ದರಿಂದ ನಮ್ಮ ಜಿಲ್ಲೆಯ ಆಯಸ್ಸು ಕಾಗದದ ಮೇಲೆ ಬೆಳೆಯಿತು. ಶಿಶುಮರಣ ಕಡಿಮೆ ಇರುವ ಜಿಲ್ಲೆಗೆ ಇನ್ನೊಬ್ಬ ದಾದಿ ಯಾಕೆ, ಇನ್ನೊಂದು ಹೆರಿಗೆ ಕೋಣೆ ಯಾಕೆ ಎಂದು ಮೇಲಿನವರು ಕೇಳುತ್ತಾರೆ. ಕೇಳಿಯೂ ಇದ್ದರು. ಬೇಕಿಲ್ಲವೆಂದು ಅವರು ಬರೆದ ಟಿಪ್ಪಣಿಗೆ ಕೋಷ್ಟಕ ಲಗತ್ತಿಸಿದವಳೂ ನಾನೇ.

ಶಾಂತಾಳಿಗೆ ಕಾಗದ ಬರೆದೆ. ನಾವಿಬ್ಬರೂ ತಿರುಗಿದ ಒಂದು ಓಣಿಯ ನಲವತ್ತು ಮನೆಗಳಿಗೆ ಮತ್ತೆ ಹೋಗು. ಕಟ್ಟೆಯ ಮೇಲೆ ಕೇಳಬೇಡ, ಹಿತ್ತಲಿಗೆ ಹೋಗು, ಹೆಂಗಸರು ಒಬ್ಬರೇ ಇದ್ದಾಗ ಕೇಳು. ಮಕ್ಕಳೆಷ್ಟು ಅನ್ನಬೇಡ. ಎಷ್ಟು ಸಲ ಹೆರಿಗೆ ಆಯಿತು ಅನ್ನು. ಹುಟ್ಟಿದಾಗ ಎಷ್ಟು ಕೂಸು ಅತ್ತವು ಅನ್ನು. ಎಷ್ಟನ್ನು ತೊಟ್ಟಿಲಿಗೆ ಹಾಕಿದಿರಿ ಅನ್ನು. ಅತ್ತದ್ದು ಅಂದರೆ ಜೀವಂತ ಹುಟ್ಟಿದ್ದು. ಅದು ತೊಟ್ಟಿಲಿಗೆ ಬರಲಿಲ್ಲ ಅಂದರೆ ನಾವು ಬರೆಯದೆ ಬಿಟ್ಟದ್ದು.

ಐದು ಭಾನುವಾರ ತಿರುಗಿ ಅವಳು ಉತ್ತರ ಬರೆದಳು. "ನೀಲಕ್ಕಾ, ನಿನ್ನ ಪ್ರಶ್ನಿ ಕೇಳಿದ್ರ ಮೊದಲ ನನ್ನ ಮಾರಿ ನೋಡ್ತಾರ, ಆಮ್ಯಾಲ ಬಾಗಲಾ ನೋಡ್ತಾರ, ಆಮ್ಯಾಲ ಹೇಳ್ತಾರ. ಒಬ್ಬಾಕಿ ಅಂದ್ಲು, 'ಇಷ್ಟ ದಿನ ಯಾಕ ಕೇಳಲಿಲ್ಲವಾ ನೀವು?' ನಾ ಏನ ಹೇಳ್ಲಿ? ನಿನ್ನ ಹೆಸರ ಹೇಳಿದೆ." ಕಾಗದದ ಜೊತೆ ಹಾಳೆಗಳಿದ್ದವು. ನನ್ನ ಹಳೆಯ ಹಾಳೆಯಲ್ಲಿ ಸೊನ್ನೆ ಇದ್ದ ಮನೆಗಳಲ್ಲಿ ಒಂದು, ಎರಡು, ಒಂದು, ಒಂದು ಮನೆಯಲ್ಲಿ ಮೂರು.

ಅದನ್ನೇ ಡಿಪ್ಲೊಮಾಕ್ಕೆ ಬರೆಯಬೇಕಿದ್ದ ಪ್ರಬಂಧದ ನಾಲ್ಕನೆಯ ಅಧ್ಯಾಯ ಮಾಡಿದೆ. ಆಗ ಶುರುವಾಯಿತು ತಕರಾರು.

ಮೊದಲು ನಮ್ಮ ಕಚೇರಿಯಿಂದ ಸಂಸ್ಥೆಗೆ ಫ್ಯಾಕ್ಸ್ ಬಂತು. ಯಾರೋ ಶಾಂತಾಳ ತಿರುಗಾಟದ ಸುದ್ದಿ ಮುಟ್ಟಿಸಿದ್ದರು. ಸದರಿ ಅಂಕಿಗಳು ಅನಧಿಕೃತ, ಅಭ್ಯರ್ಥಿಯು ಪ್ರಕಟಿತ ಅಂಕಿಗಳನ್ನೇ ಬಳಸುವಂತೆ ಸೂಚಿಸುವುದು. ಕೆಳಗೆ ಗುರುಸಿದ್ಧಯ್ಯನವರ ಸಹಿ. ಶಾಂತಾಳಿಗೆ ಮೆಮೊ. ಭಾನುವಾರ, ತನ್ನ ಸ್ವಂತ ಕಾಲಿನಲ್ಲಿ ತಿರುಗಿದ್ದಕ್ಕೆ ಮೆಮೊ! ಸುಳ್ಳು ಸೊನ್ನೆ ಬರೆದಾಗ ಪೇಢೆ ಕೊಟ್ಟವರು, ನಿಜ ಬರೆದಾಗ ಮೆಮೊ ಕೊಟ್ಟರು. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಫೋನ್ ಮಾಡಿದೆ. "ಸರ್, ಶಾಂತಾಗ ಯಾಕ್ರೀ ಶಿಕ್ಷಾ? ಹೋಗು ಅಂತ ಬರದಾಕಿ ನಾನು."

"ನೀಲಮ್ಮ, ನೀವು ಜಿಲ್ಲಾದ ಮಾನ ತಗೀಲಿಕ್ಕೆ ಹಾಲೆಂಡಿಗೆ ಹೋಗೀರೇನು? ಜಿಲ್ಲಾದ ಅಭಿವೃದ್ಧಿ ವರದಿ ಅಚ್ಚಿಗೆ ಹೊಂಟೈತಿ. ಈಗ ಆಯಸ್ಸು ಇಳಸಂದ್ರ ಹೆಂಗ ಇಳಸೂದು?"

"ಸರ್, ನಾ ಇಳಸಾಕತ್ತಿಲ್ಲ. ಆ ಕೂಸುಗಳು ಇಳದಽ ಹೋಗ್ಯಾವ, ಹಿತ್ತಲದಾಗ."

ಅವರು ಫೋನ್ ಇಟ್ಟರು.

ಯಾನ್ ಅವರಿಂದ ನಾನು ಬೇರೆಯದನ್ನು ನಿರೀಕ್ಷಿಸಿದ್ದೆ. ಅವರು ಒಳ್ಳೆಯವರೇ. ಆದರೆ ಕನ್ನಡಕ ಒರೆಸುತ್ತ, "ನೀಲಾ, ನಲವತ್ತು ಮನೆ ಅಂದರೆ ಅದು ಕಥೆ, ಅಂಕಿ ಅಲ್ಲ. ಎಲ್ಲ ದೇಶಗಳನ್ನೂ ಒಂದೇ ಅಳತೆಯಲ್ಲಿ ಹೋಲಿಸಬೇಕಾದರೆ ಪ್ರಕಟವಾದದ್ದನ್ನೇ ನಂಬಬೇಕಾಗುತ್ತದೆ. ಅಧ್ಯಾಯವನ್ನು ತೆಗೆದು ಕೊನೆಯಲ್ಲಿ ಅನುಬಂಧ ಮಾಡು. ಡಿಪ್ಲೊಮಾ ಖಚಿತ. ಇಟ್ಟುಕೊಂಡರೆ ಹೊರಗಿನ ಪರೀಕ್ಷಕರು ಏನು ಮಾಡುತ್ತಾರೋ ಹೇಳಲಾರೆ" ಎಂದರು.

ನನ್ನ ಸ್ಥಿತಿ ಅರ್ಥ ಮಾಡಿಕೊಳ್ಳಿ. ಡಿಪ್ಲೊಮಾ ಇಲ್ಲದೆ ಹಿಂದಿರುಗಿದರೆ ಗುರುಸಿದ್ಧಯ್ಯನವರು ಹೇಳಿದ್ದೇ ನಿಜವಾಗುತ್ತದೆ. ಈರಪ್ಪ ಮಾವ ಹೇಳಿದ್ದೂ ನಿಜವಾಗುತ್ತದೆ. ನಮ್ಮ ಓಣಿಯಲ್ಲಿ ಇನ್ನೊಬ್ಬ ಹುಡುಗಿ ಕಾಲೇಜಿಗೆ ಹೋಗುತ್ತೇನೆ ಎಂದರೆ, "ನೀಲವ್ವ ಹೋಗಿ ಏನ ಮಾಡಿದ್ಲು?" ಅನ್ನುತ್ತಾರೆ. ಅವ್ವ ಕಂಡಿಕೆ ಸುತ್ತಿ ಸುತ್ತಿ ಹೆಬ್ಬೆರಳು ಸವೆದದ್ದು ಈ ಒಂದು ಕಾಗದಕ್ಕೆ. ಅನುಬಂಧ ಮಾಡಿಬಿಡೋಣ ಎಂದು ಹಾಳೆಗಳನ್ನು ತೆಗೆದು ಹಿಂದಕ್ಕೆ ಸೇರಿಸಿಯೂ ನೋಡಿದೆ.

ಆ ಶನಿವಾರ ರಘುವಿನ ಮನೆಗೆ ಹೋಗಿದ್ದೆ. ಸುಮತಿ ಎದ್ದು ಓಡಾಡುತ್ತಿದ್ದಳು. ಬೀರುವಿನಿಂದ ಒಂದು ಕಾಗದ ತೆಗೆದು ತೋರಿಸಿದಳು. ಇಂಚರಾ ಹುಟ್ಟಿದ್ದಕ್ಕೆ ಗೆಮೀಂಟೆ ಕೊಟ್ಟ ಪತ್ರ. "ಆಂಟಿ, ಇದನ್ನ ಲ್ಯಾಮಿನೇಟ್ ಮಾಡಿಸ್ಬೇಕು. ಇದೊಂದೇ ನನ್ಹತ್ರ ಇರೋದು. ಇಲ್ದಿದ್ರೆ ನಾಳೆ ಎಲ್ಲರೂ ನಂಗೆ ಮಕ್ಕಳೇ ಆಗಿಲ್ಲ ಅಂತಾರೆ, ಅಲ್ವಾ?"

ಸೋಮವಾರ ಯಾನ್ ಅವರ ಕೋಣೆಗೆ ಹೋದೆ. "ಸರ್, ಈ ಕೂಸುಗಳನ್ನು ಒಮ್ಮೆ ಹಿತ್ತಲಿನಲ್ಲಿ ಇಟ್ಟಿದ್ದಾರೆ. ನಾನು ಮತ್ತೊಮ್ಮೆ ಪುಸ್ತಕದ ಹಿತ್ತಲಿನಲ್ಲಿ ಇಡುವುದಿಲ್ಲ. ನಾಲ್ಕನೆಯ ಅಧ್ಯಾಯ ನಾಲ್ಕನೆಯದಾಗಿಯೇ ಇರುತ್ತದೆ." ಇಂಗ್ಲಿಷಿನಲ್ಲಿ ಎಷ್ಟು ವ್ಯಾಕರಣ ತಪ್ಪಿತೋ ದೇವರಿಗೇ ಗೊತ್ತು. ಅವರಿಗೆ ಅರ್ಥವಾಯಿತು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಬೇರೆ ಅಧ್ಯಾಯಗಳನ್ನು ತೆರೆಯಲೇ ಇಲ್ಲ. ನೇರ ನಾಲ್ಕನೆಯದಕ್ಕೆ ಬಂದರು. "ಈ ಹೆಂಗಸರು ಎಷ್ಟೋ ವರ್ಷ ಹಿಂದಿನದನ್ನು ಬರೀ ನೆನಪಿನಿಂದ ಹೇಳಿದ್ದಾರೆ. ಇದನ್ನು ನಂಬುವುದು ಹೇಗೆ?"

"ಹಿಂದಿನ ಸೊನ್ನೆಯನ್ನೂ ನೆನಪಿನಿಂದಲೇ ಹೇಳಿದ್ದು ಸರ್. ಹೇಳಿದವರು ಅತ್ತೆ-ಮಾವಂದಿರು. ಅದನ್ನು ನೀವು ಒಂದು ಪ್ರಶ್ನೆ ಕೇಳದೆ ನಂಬಿದಿರಿ."

"ಆ ಸೊನ್ನೆ ತಪ್ಪು ಎಂದು ನಿಮಗೆ ಹೇಗೆ ಗೊತ್ತು?"

"ಬರೆದವಳು ನಾನು."

ನಾನು ಎಲ್ಲ ಹೇಳಿದೆ. ಕಟ್ಟೆ, ಅತ್ತೆ, ದಿನದ ಗುರಿ, ಪೇಢೆ, ಕೌಂಟರಿನಾಕೆಯ ಎರಡು ಕಾಗದ, ಎಲ್ಲವನ್ನೂ. ತನ್ನದೇ ಕೆಲಸ ಕೆಟ್ಟದ್ದು ಎಂದು ಒಪ್ಪಿಕೊಂಡ ಅಭ್ಯರ್ಥಿಗೆ ಎಷ್ಟು ಅಂಕ ಕೊಡಬೇಕೆಂದು ಅವರು ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ತೇರ್ಗಡೆಗೆ ಬೇಕಾದಷ್ಟೇ ಕೊಟ್ಟರು, ಒಂದು ಹೆಚ್ಚಿಲ್ಲ. ಯಾನ್ ಹೊರಗೆ ಬಂದು, "ಅಧ್ಯಾಯ ಹಾಗೇ ಇರುತ್ತದೆ" ಎಂದು ಕೈ ಕುಲುಕಿದರು. ಮುಂದಿನ ವರ್ಷದ ತರಗತಿಗೆ ಆ ಮೂರು ಪ್ರಶ್ನೆಗಳನ್ನು ಪಾಠ ಮಾಡಿದರಂತೆ. ಊರಿನಲ್ಲಿ ಮಾತ್ರ ವರದಿ ಹಳೆಯ ಅಂಕಿಯ ಜೊತೆಗೇ ಅಚ್ಚಾಯಿತು. ಶಾಂತಾಳನ್ನು ದೂರದ ತಾಲ್ಲೂಕಿಗೆ ಹಾಕಿದರು.

ಹುಡುಗರೇ, ನಿಮ್ಮ ಟ್ಯಾಬಿನಲ್ಲಿ ಸೊನ್ನೆ ಒತ್ತಿದರೆ ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ. ನಮ್ಮ ಕಾಲದಲ್ಲಿ ಸೊನ್ನೆ ಬರೆಯಲಾದರೂ ಕೈ ಒಂದು ಸುತ್ತು ಸುತ್ತಬೇಕಿತ್ತು. ಯಂತ್ರ ಬದಲಾಗಿದೆ, ಕಟ್ಟೆಯ ಮೇಲಿನ ಮಾವ ಬದಲಾಗಿಲ್ಲ. ಸೊನ್ನೆ ಒತ್ತುವ ಮೊದಲು ಹಿತ್ತಲಿಗೆ ಹೋಗಿ. ಗುರಿ ತಪ್ಪಿತು ಎಂದು ಮೆಮೊ ಬಂದರೆ ತೆಗೆದುಕೊಳ್ಳಿ.

ಆ ವರ್ಷ ಹಾಲೆಂಡಿನಿಂದ ಗುಳೇದಗುಡ್ಡಕ್ಕೆ ಬಂದಾಗ ಅವ್ವ ರಾಟೆಯ ಮುಂದೆ ಕುಳಿತಿದ್ದಳು. ಪ್ರಮಾಣಪತ್ರವನ್ನು ಅವಳ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡು, ಕೆಂಪು ಮುದ್ರೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಈರಪ್ಪ ಮಾವನೂ ಮಗ್ಗ ನಿಲ್ಲಿಸಿ ಕತ್ತು ಚಾಚಿದ.

"ವರ್ಷಗಟ್ಟಲೆ ಏನ ಕಲ್ತಿ ಅಲ್ಲೆ?" ಎಂದಳು ಅವ್ವ.

"ಪ್ರಶ್ನಿ ಕೇಳೂದ ಕಲ್ತೆ. ಎಷ್ಟ ಹೆರಿಗಿ, ಎಷ್ಟ ಅತ್ತವು, ಎಷ್ಟ ತೊಟ್ಟಲಕ್ಕ ಬಂದವು. ತೊಟ್ಟಲಕ್ಕ ಬರದಿದ್ರೂ ಅತ್ತಿದ್ರ ಅದು ಲೆಕ್ಕಕ್ಕ ಬರತೈತಿ ಅವ್ವಾ. ಅಲ್ಲೆ ಎರಡ ದಿನದ ಕೂಸಿಗೂ ಹೆಸರ ಕೇಳಿ ಬರ್ಕೋತಾರ."

ಅವ್ವ ರಾಟೆಯ ಹಿಡಿಯನ್ನು ಬಿಟ್ಟಳು. ಒಮ್ಮೆ ತಮ್ಮನ ಕಡೆ, ಒಮ್ಮೆ ಹಿತ್ತಲ ಬಾಗಿಲ ಕಡೆ ನೋಡಿದಳು.

"ಹಂಗಾರ ಆ ನಿನ್ನ ನಾಕ ತಿದ್ದು," ಅಂದಳು. "ನೀ ಹಿರ್ಯಾಕಿ ಅಲ್ಲ. ನಿನಗಿಂತ ಮೊದಲ ಒಂದ ಗಂಡು ಕೂಸು, ನಿನ್ನ ಬೆನ್ನಿಗೆ ಒಂದ ಹೆಣ್ಣು. ಎರಡೂ ಅತ್ತಿದ್ದವು. ಬರ್ಕೊ."